ದುಬೈ ಫ್ಲೈಟ್ ಬಜ್ಪೆಗೆ ಎಷ್ಟೊತ್ತಿಗೆ ಮುಟ್ತದೆ, ನನ್ನ ಲೆಕ್ಕ

ಉಡುಪಿಯಿಂದ ಟ್ಯಾಕ್ಸಿ ತಗೊಂಡು ಬಜ್ಪೆಯ ಮಂಗಳೂರು ಏರ್‌ಪೋರ್ಟ್ ಪಿಕಪ್ ಮಾಡುವವರಿಗೆ ನಾನು ಹೇಳ್ಬೇಕಂತ ಇಲ್ಲ, ಹೆಚ್ಚುಕಡಿಮೆ 60 ಕಿಲೋಮೀಟರ್, ಕೂಳೂರಲ್ಲಿ ಬ್ಲಾಕ್ ಸಿಕ್ಕಿದ್ರೆ ಎರಡು ಗಂಟೆ. ಬೇಗ ಹೋದ್ರೆ ಪಾರ್ಕಿಂಗ್ ದುಡ್ಡು, ತಡ ಆದ್ರೆ ಪಾರ್ಟಿ ಬೇರೆ ಕಾರು ಹತ್ತಿ ಹೋಗಿರ್ತದೆ. ನನಗೆ ತಿಂಗಳಿಗೆ ಮೂರು ಮೂರೂವರೆ ಸಾವಿರ ಹೀಗೇ ಹೋಗ್ತಿತ್ತು ಮಾರಾಯ್ರೆ.

ಟಿಕೆಟಿನ ಟೈಮ್ ನಂಬೋದು ಬಿಟ್ಟೆ. ವಿಮಾನ ನಿಜವಾಗಿ ಎಷ್ಟೊತ್ತಿಗೆ ಹಾರಿತು ಅಂತ ಫೋನಲ್ಲಿ ನೋಡಿ ಅಲ್ಲಿಂದ ಲೆಕ್ಕ ಹಾಕೋದು ಅಂತ ಶುರು ಮಾಡಿದೆ, ಸ್ಟ್ಯಾಂಡಲ್ಲಿ ಎಲ್ರೂ "ನೀನೆಂತ ಪೈಲಟಾ" ಅಂತ ನಗಾಡಿದ್ರು.

ಲೆಕ್ಕಕ್ಕೆ ದೂರ ಬೇಕಲ್ಲ, ಮೊದಲು ಊರುಗಳ ಅಕ್ಷಾಂಶ ರೇಖಾಂಶ ತಗೊಂಡು ಒಂದು ಡಿಗ್ರಿಗೆ 111 ಕಿಲೋಮೀಟರ್ ಅಂತ ಎಲ್ಲದಕ್ಕೂ ಗುಣಿಸಿದೆ. ದೆಹಲಿ ಸರಿ ಬಂತು, ಹತ್ರಹತ್ರ 1750, ಯಾಕಂದ್ರೆ ಅದು ನಮಗೆ ಬಹುತೇಕ ನೇರ ಉತ್ತರ. ದುಬೈ ಮಾತ್ರ 100 ಕಿಲೋಮೀಟರ್ ಜಾಸ್ತಿ ಬಂತು, ಉತ್ತರಕ್ಕೆ ಹೋದ ಹಾಗೆ ರೇಖಾಂಶಗಳು ಹತ್ತಿರ ಆಗ್ತವಲ್ಲ, ಅದನ್ನು ನಾನು ಹಿಡಿದಿರ್ಲಿಲ್ಲ. ಆಮೇಲೆ ಎಕ್ಸೆಲಲ್ಲಿ ಸೈನ್ ಕೊಸೈನ್ ಸೂತ್ರ ಹಾಕಿದೆ, ಅದಕ್ಕೆ ರೇಡಿಯನ್ ಬೇಕು, ಕೋನ ಅಳೆಯುವ ಇನ್ನೊಂದು ಅಳತೆ ಅದು, ನಾನು ಡಿಗ್ರಿಯನ್ನೇ ತುಂಬಿಸಿ ಎರಡು ವಾರ ತಲೆ ಕೆಡಿಸಿಕೊಂಡೆ. ನಡುವೆ ಮಗಳ ಗ್ಲೋಬ್ ಮೇಲೆ ನೂಲು ಹಿಡಿದೂ ಅಳೆದೆ, 30 ಸೆಂಟಿಮೀಟರ್ ಗ್ಲೋಬಲ್ಲಿ ಮಂಗಳೂರು ದುಬೈ ಆರು ಸೆಂಟಿಮೀಟರೂ ಇಲ್ಲ, ನೂಲು ಒಂದು ಮಿಲಿಮೀಟರ್ ಜಾರಿದ್ರೆ 40 ಚಿಲ್ಲರೆ ಕಿಲೋಮೀಟರ್ ಹೆಚ್ಚುಕಡಿಮೆ, ಆದ್ರೂ ಎಕ್ಸೆಲ್ ಸರಿ ಉಂಟು ಅಂತ ಧೈರ್ಯ ಬಂದದ್ದು ಆ ನೂಲಿಂದಲೇ.

ಈಗ ನನ್ನ ಹತ್ರ ಇರೋ ದೂರ ಬೆಂಗಳೂರು 306 ಕಿಲೋಮೀಟರ್, ಮುಂಬೈ 710ರ ಮೇಲೆ, ದುಬೈ 2460. ಗಂಟೆಗೆ 800ರಂತೆ ಭಾಗಿಸಿ, ಏರ್ಲಿಕ್ಕೆ ಇಳೀಲಿಕ್ಕೆ ಅಂತ 20 ನಿಮಿಷ ಸೇರಿಸೋದು. ಬೆಂಗಳೂರಿಂದ 43 ನಿಮಿಷ ಬರ್ತದೆ, ಅಷ್ಟೇ ಆಗ್ತದೆ ಕೂಡ. ದೂರ ಎಂಟು ಪಟ್ಟಾದ್ರೆ ಟೈಮ್ ಎಂಟು ಪಟ್ಟು ಆಗೋದಿಲ್ಲ, ದುಬೈ ಮೂರು ಗಂಟೆ 25 ನಿಮಿಷ. ಚಳಿಗಾಲದಲ್ಲಿ ಮೇಲೆ ಪಶ್ಚಿಮದ ಗಾಳಿ ಜೋರು, ಊರಿಗೆ ಬರುವಾಗ ಹತ್ತು ಹದಿನೈದು ನಿಮಿಷ ಕಮ್ಮಿ ಮಾಡ್ತೇನೆ, ಹೋಗುವಾಗ ಅಷ್ಟೇ ಜಾಸ್ತಿ.

ಒಂದ್ಸಲ ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ ಅನ್ನೋದನ್ನೇ ಕೂಡಿಸದೆ ಹೋಗಿ ರಾತ್ರಿ ಒಂದೂವರೆ ಗಂಟೆ ಜಾಸ್ತಿ ಅಲ್ಲೇ ಕಾರಲ್ಲಿ ಕೂತೆ, ಮರುದಿನ ಬೆಳಿಗ್ಗಿನ ಮಣಿಪಾಲ ಬಾಡಿಗೆಯೂ ಹೋಯ್ತು, 1200 ರೂಪಾಯಿ.

ಇಳಿದ ಮೇಲೆ ಗಲ್ಫ್ ಪಾರ್ಟಿಗೆ ಇಮಿಗ್ರೇಶನ್, ಲಗೇಜ್ ಎಲ್ಲ ಸೇರಿ 50 ನಿಮಿಷ, ಬೆಂಗಳೂರು ಮುಂಬೈಯವರಿಗೆ 20. ಜೂನ್ ಜುಲೈ ಮಳೆಗೆ ಬೇರೆ ಲೆಕ್ಕ ಉಂಟು, ಗುಡ್ಡದ ಮೇಲಿನ ರನ್‌ವೇ, ಮೋಡ ಕೆಳಗೆ ಬಂದ್ರೆ ಸುತ್ತು ಹೊಡೀತಾರೆ, ಅದನ್ನು ಎಷ್ಟು ಸೇರಿಸ್ತೇನೆ ಅಂತ ಇಲ್ಲಿ ಬರೆಯೋದಿಲ್ಲ, ನನ್ನ ಹೊಟ್ಟೆಪಾಡು ಅದು. ಕಳೆದ ಡಿಸೆಂಬರಲ್ಲಿ ಸುಮಾರು 40 ಪಿಕಪ್ಪಲ್ಲಿ ನಾನು ಕಾಲು ಗಂಟೆಗಿಂತ ಜಾಸ್ತಿ ಕಾದದ್ದು ಮೂರೋ ನಾಲ್ಕೋ ಸಲ, ಪಾರ್ಕಿಂಗ್ ಖರ್ಚು 600 ದಾಟಿಲ್ಲ. ನಗಾಡಿದವರೇ ಈಗ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ "ಯಾವಾಗ ಹೊರಡ್ಲಿ ಮಾರಾಯ" ಅಂತ ಕೇಳ್ತಾರೆ, ನಾನು ಟೈಮ್ ಹೇಳಿ, ಕೂಳೂರು ಬೇಡ, ಕಿನ್ನಿಗೋಳಿ ಕಟೀಲು ಮೇಲೆ ಹೋಗು ಅಂತಲೂ ಹೇಳ್ತೇನೆ.