ಲೋಹದ ಮೈಗೆ ಅಂಟಿದ ಅನಿಲವನ್ನು ಗುರುತಿಸುವುದು ಹೇಗೆ?

ಕಾರಿನ ಕ್ಯಾಟಲಿಟಿಕ್ ಕನ್ವರ್ಟರ್ ಇರಲಿ, ರಸಗೊಬ್ಬರಕ್ಕೆ ಅಮೋನಿಯಾ ತಯಾರಿಸುವ ಕಬ್ಬಿಣದ ವೇಗವರ್ಧಕವಿರಲಿ, ಕೆಲಸ ಶುರುವಾಗುವುದು ಅನಿಲದ ಅಣು ಲೋಹದ ಮೈಗೆ ಅಂಟಿಕೊಂಡಾಗ. ಅಂಟಿದ ಅಣು ಇಡಿಯಾಗಿ ಕೂತಿದೆಯೇ, ಒಡೆದಿದೆಯೇ ಎಂಬುದನ್ನು ಎಲೆಕ್ಟ್ರಾನ್ ಸ್ಪೆಕ್ಟ್ರೋಸ್ಕೋಪಿ, ಅಂದರೆ ಮೈಯಿಂದ ಹೊರಬರುವ ಎಲೆಕ್ಟ್ರಾನುಗಳ ಶಕ್ತಿ ಅಳೆಯುವ ವಿಧಾನ, ತಿಳಿಸುತ್ತದೆ. ಬೆಂಗಳೂರಿಗೆ ಇದು ಹೊಸ ವಿದ್ಯೆಯಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾವ್ ಮತ್ತು ಸಂಗಡಿಗರು ಕಾರ್ಬನ್ ಮಾನಾಕ್ಸೈಡ್, ನೈಟ್ರೋಜನ್, ಆಕ್ಸಿಜನ್‌ಗಳನ್ನು ಲೋಹಗಳ ಮೇಲಿಟ್ಟು ದಶಕಗಳ ಹಿಂದೆಯೇ ಅಳೆದಿದ್ದಾರೆ. ಇಂಥ ಲ್ಯಾಬಿಗೆ ಹೊಸದಾಗಿ ಕಾಲಿಡುವ ವಿದ್ಯಾರ್ಥಿಗಳಿಗಾಗಿ ನಿಕ್ಕಲ್ ಮತ್ತು ಕಾರ್ಬನ್ ಮಾನಾಕ್ಸೈಡ್ ಜೋಡಿಯನ್ನೇ ಹಿಡಿದು ವಿವರಿಸುತ್ತೇನೆ.

ಮೊದಲು ನಿರ್ವಾತ. ಒತ್ತಡ 10⁻⁶ ಟಾರ್ (ಟಾರ್ ಒತ್ತಡದ ಏಕಮಾನ) ಇದ್ದರೆ, ತಾಗಿದ ಅಣುಗಳೆಲ್ಲ ಅಂಟುವುದಾದರೆ, ಸುಮಾರು ಒಂದೇ ಸೆಕೆಂಡಿನಲ್ಲಿ ಲೋಹದ ಮೇಲೆ ಒಂದು ಪದರ ಕೂತುಬಿಡುತ್ತದೆ. 10⁻¹⁰ ಟಾರ್‌ಗೆ ಇಳಿಸಿದರೆ ಎರಡು ಮೂರು ಗಂಟೆ ಸಿಗುತ್ತದೆ. ಅಲ್ಲಿಗೆ ಇಳಿಯಬೇಕಾದರೆ ಪ್ರಯೋಗ ನಡೆಯುವ ಛೇಂಬರನ್ನು 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ರಾತ್ರಿಯಿಡೀ ಬೇಕ್ ಮಾಡಿ ಗೋಡೆಗಂಟಿದ ನೀರನ್ನು ಓಡಿಸಬೇಕು. ಮಳೆಗಾಲದಲ್ಲಿ ಛೇಂಬರ್ ತೆರೆಯಲೇಬೇಕಾದರೆ ಒಣ ನೈಟ್ರೋಜನ್ ತುಂಬಿಸಿ ತೆರೆಯಿರಿ. ತೇವದ ಗಾಳಿ ಒಳಹೊಕ್ಕರೆ ಪಂಪುಗಳು ಬಹಳ ಹೊತ್ತು ದುಡಿಯಬೇಕಾಗುತ್ತದೆ.

ಇನ್ನು ಸ್ವಚ್ಛತೆ. ಇಡೀ ಪ್ರಯೋಗದಲ್ಲಿ ನನ್ನ ಪ್ರಕಾರ ಹೆಚ್ಚು ಸಮಯ ಸಲ್ಲಬೇಕಾದದ್ದು ಇಲ್ಲಿಗೇ. ಆರ್ಗಾನ್ ಅಯಾನುಗಳಿಂದ (ವಿದ್ಯುದಾವೇಶದ ಪರಮಾಣುಗಳಿಂದ) ನಿಕ್ಕಲ್ಲಿನ ಮೈಯನ್ನು ಕೆರೆದು, ಆಮೇಲೆ ಕಾಯಿಸಿ, ಕದಡಿದ ಪರಮಾಣುಗಳನ್ನು ಮತ್ತೆ ಸಾಲಿಗೆ ತರಬೇಕು. ಆದರೆ ಕಾಯಿಸಿದಾಗ ಲೋಹದ ಒಡಲಿನಲ್ಲಿದ್ದ ಗಂಧಕ ಮೇಲಕ್ಕೆ ಬರುತ್ತದೆ. ಅದನ್ನು ಕೆರೆಯಿರಿ, ಮತ್ತೆ ಕಾಯಿಸಿ. ಎಲೆಕ್ಟ್ರಾನುಗಳನ್ನು ಅಳೆದ ನಕ್ಷೆಯಲ್ಲಿ ಇಂಗಾಲ, ಆಕ್ಸಿಜನ್, ಗಂಧಕ ಮೂರರ ಪೀಕೂ (ಆಯಾ ಧಾತುವನ್ನು ಗುರುತಿಸುವ ಏರು) ಅಳಿಸಿಹೋಗುವ ತನಕ ಈ ಸುತ್ತು ನಿಲ್ಲಿಸಬೇಡಿ. ಕೊಳಕು ಮೈಯ ಮೇಲೆ ಸಿಕ್ಕ ಪೀಕು ಎಷ್ಟೇ ಚೆನ್ನಾಗಿ ಕಂಡರೂ ನಂಬಲಾಗದು.

ಅನಿಲ ಬಿಡುವಾಗ ಒಂದು ಎಚ್ಚರ. ಉಕ್ಕಿನ ಸಿಲಿಂಡರಿನಲ್ಲಿ ಕೂತ ಕಾರ್ಬನ್ ಮಾನಾಕ್ಸೈಡ್ ಸ್ವಲ್ಪಸ್ವಲ್ಪವಾಗಿ ಲೋಹದೊಡನೆ ಸೇರಿ ಕಾರ್ಬೊನಿಲ್ ಎಂಬ ಸಂಯುಕ್ತವಾಗುತ್ತದೆ. ದ್ರವ ನೈಟ್ರೋಜನ್ನಿನಲ್ಲಿ ಅದ್ದಿದ ಕೊಳವೆಯ ಮೂಲಕ ಹಾಯಿಸಿದರೆ ಕಾರ್ಬೊನಿಲ್ ಅಲ್ಲೇ ಉಳಿಯುತ್ತದೆ. ಕಾರ್ಬನ್ ಮಾನಾಕ್ಸೈಡ್ ವಿಷ, ವಾಸನೆಯೂ ಇಲ್ಲ. ಪಂಪಿನ ಹೊಗೆ ಕೋಣೆಯ ಹೊರಗೆ ಹೋಗಬೇಕು, ಅಲಾರಂ ಚಾಲೂ ಇರಬೇಕು. ಲೀಕ್ ವಾಲ್ವನ್ನು ಸ್ವಲ್ಪವೇ ತೆರೆದು 10⁻⁸ ಟಾರ್‌ನಲ್ಲಿ 100 ಸೆಕೆಂಡು ಇಟ್ಟರೆ 1 ಲ್ಯಾಂಗ್ಮ್ಯೂರ್ ಪ್ರಮಾಣ (ಮೈಗೆ ತಾಗಿಸಿದ ಅನಿಲದ ಅಳತೆ). ಅಲ್ಲಿಂದ ಹೆಚ್ಚಿಸುತ್ತ ಹೋಗಿ, ಪ್ರತಿಸಲವೂ ಅಳೆಯಿರಿ.

ಅಳೆಯಲು ಅಲ್ಯೂಮಿನಿಯಂನ 1486.6 ಎಲೆಕ್ಟ್ರಾನ್ ವೋಲ್ಟ್ (ಶಕ್ತಿಯ ಏಕಮಾನ) ಎಕ್ಸ್-ರೇ ಬೀಳಿಸುತ್ತೇವೆ. ಹೊರಚಿಮ್ಮಿದ ಎಲೆಕ್ಟ್ರಾನಿನ ವೇಗದಿಂದ ಅದು ಯಾವ ಪರಮಾಣುವಿನಲ್ಲಿ ಎಷ್ಟು ಬಿಗಿಯಾಗಿತ್ತು ಎಂದು ಲೆಕ್ಕ ಸಿಗುತ್ತದೆ. ಒಂದೆರಡು ನ್ಯಾನೊಮೀಟರ್ ಆಳದಿಂದ ಬಂದ ಎಲೆಕ್ಟ್ರಾನುಗಳಷ್ಟೇ ಶಕ್ತಿ ಕಳೆದುಕೊಳ್ಳದೆ ಹೊರಬರುವುದರಿಂದ ಮೇಲ್ಮೈಯ ಸುದ್ದಿಯೇ ಹೆಚ್ಚು ಸಿಗುತ್ತದೆ. ಮಾಪಕವನ್ನು ಚಿನ್ನದ 84.0 ಎಲೆಕ್ಟ್ರಾನ್ ವೋಲ್ಟ್ ಪೀಕಿಗೆ ಮೊದಲೇ ಸರಿಹೊಂದಿಸಿಕೊಳ್ಳಿ.

ನಿಕ್ಕಲ್ಲಿನ ಮೇಲೆ ಅಣು ಇಡಿಯಾಗಿದ್ದರೆ ಇಂಗಾಲದ 1ಎಸ್ (ತೀರ ಒಳಗಿನ ಎಲೆಕ್ಟ್ರಾನುಗಳ) ಪೀಕು 285–286 ಎಲೆಕ್ಟ್ರಾನ್ ವೋಲ್ಟ್ ಹತ್ತಿರ ಕಾಣುತ್ತದೆ; ಒಡೆದು ಕಾರ್ಬೈಡ್ (ಲೋಹಕ್ಕೆ ನೇರ ಕೂಡಿದ ಇಂಗಾಲ) ಆಗಿದ್ದರೆ 283ರ ಸುತ್ತ. ಒಂದೇ ಪೀಕಿನ ಮೇಲೆ ತೀರ್ಪು ಬೇಡ. ಹೀಲಿಯಂ ದೀಪದ 21.2 ಎಲೆಕ್ಟ್ರಾನ್ ವೋಲ್ಟ್ ಬೆಳಕಿನಲ್ಲೂ ನೋಡಿ: ಫರ್ಮಿ ಮಟ್ಟದಿಂದ (ಲೋಹದಲ್ಲಿ ಎಲೆಕ್ಟ್ರಾನುಗಳು ತುಂಬಿರುವ ಅತಿ ಮೇಲಿನ ಶಕ್ತಿ ಮಟ್ಟ) ಸುಮಾರು 8 ಮತ್ತು 11 ಎಲೆಕ್ಟ್ರಾನ್ ವೋಲ್ಟಿನಷ್ಟು ಕೆಳಗೆ ಜೋಡಿ ಪೀಕುಗಳಿದ್ದರೆ ಅಣು ಇಡಿಯಾಗಿದೆ. ಕೊನೆಗೆ ಸ್ಯಾಂಪಲನ್ನು 200 ಡಿಗ್ರಿ ಸೆಲ್ಸಿಯಸ್ ತನಕ ಬಿಸಿಮಾಡಿ. ಇಡಿಯಾಗಿದ್ದ ಕಾರ್ಬನ್ ಮಾನಾಕ್ಸೈಡ್ ಬಹುಮಟ್ಟಿಗೆ ಹೊರಟುಹೋಗುತ್ತದೆ. ಆಮೇಲೂ 283ರಲ್ಲಿ ಇಂಗಾಲ ಉಳಿದಿದ್ದರೆ, ಅಷ್ಟು ಪಾಲು ಮೊದಲೇ ಇಲ್ಲವೇ ಬಿಸಿಮಾಡುವಾಗ ಒಡೆದಿದೆಯೆಂದು ಬರೆದುಕೊಳ್ಳಬಹುದು.