ಶಾಮಿಯಾನ ಬಿಟ್ಟು ಪಾಸ್‌ಬುಕ್ ಹಿಡಿದೆವು: ಹಾಸನದ ಹೊರಗುತ್ತಿಗೆ ನೌಕರಳ ಅನುಭವ

"ಸಂಬಳ ಕೇಳೋಕೆ ಧರಣಿ ಕೂರಬೇಕಮ್ಮಾ. ಲೆಕ್ಕ ಬರೆದು ತೋರಿಸಿದರೆ ಯಾರು ಕೊಡ್ತಾರೆ?" ಹಾಸನದಲ್ಲಿ ಎಷ್ಟೋ ವರ್ಷ ಸಂಘಟನೆ ಮಾಡಿದ ಹಿರಿಯರೊಬ್ಬರು ನನಗೆ ಹೀಗೆ ಹೇಳಿದ್ದರು. ಮೊನ್ನೆ ಅವರೇ ಫೋನ್ ಮಾಡಿ ಏಜೆನ್ಸಿ ಜೊತೆ ಆದ ನಮ್ಮ ಒಪ್ಪಂದದ ಜೆರಾಕ್ಸ್ ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಇಲ್ಲಿನ ಒಂದು ಉನ್ನತ ಶಿಕ್ಷಣ ಸಂಸ್ಥೆಯಲ್ಲಿ ಡಾಟಾ ಎಂಟ್ರಿ ಆಪರೇಟರ್. ಹನ್ನೊಂದು ವರ್ಷದಲ್ಲಿ ಐದು ಏಜೆನ್ಸಿ ಬದಲಾಗಿವೆ. ನಾನು ಕೂರುವ ಕುರ್ಚಿ ಮಾತ್ರ ಅದೇ. ಸ್ವೀಪರ್‌ಗಳು, ಗೇಟಿನವರು, ಲ್ಯಾಬ್ ಅಟೆಂಡರ್‌ಗಳು, ಹಾಸ್ಟೆಲ್ ಅಡುಗೆಯವರು ಎಲ್ಲ ಸೇರಿ ನಾವು 62 ಜನ.

ಮೊದಲು ನಾವೂ ಎಲ್ಲರ ದಾರಿಯಲ್ಲೇ ಹೋದೆವು. ಪರೀಕ್ಷೆ ವಾರದಲ್ಲಿ ಎರಡು ದಿನ ಕೆಲಸ ನಿಲ್ಲಿಸಿ ಹೇಮಾವತಿ ಪ್ರತಿಮೆ ಹತ್ತಿರ ಕೂತೆವು. ಶಾಮಿಯಾನ, ಮೈಕು, ಊಟ ಅಂತ ಸುಮಾರು 18 ಸಾವಿರ ಹೋಯಿತು. ತಿಂಗಳಿಗೆ 50 ರೂಪಾಯಿ ಚಂದಾ ಹಾಕಿ ಕೂಡಿಸಿದ್ದ ದುಡ್ಡು ಅದು. ಮೂರನೇ ದಿನ ಹೋದರೆ ಒಂಬತ್ತು ಜನರ ಹೆಸರು ಹಾಜರಿ ಪುಸ್ತಕದಲ್ಲಿ ಇರಲಿಲ್ಲ. ಆರು ಜನರನ್ನು ವಾಪಸ್ ಸೇರಿಸಲು ಐದು ತಿಂಗಳು ಓಡಾಡಿದೆವು. ಉಳಿದ ಮೂವರು ಇವತ್ತಿಗೂ ಬಂದಿಲ್ಲ. ಅವರಲ್ಲೊಬ್ಬರು ಸಕಲೇಶಪುರದ ಕಡೆ ತೋಟದ ಕೆಲಸಕ್ಕೆ ಹೋದರು. ಅವರನ್ನು ಧರಣಿಗೆ ಕರೆದದ್ದು ನಾನೇ. ಆ ನೋವು ಹೋಗಿಲ್ಲ.

ದಾರಿ ಸಿಕ್ಕಿದ್ದು ನನ್ನ ಪಿ.ಎಫ್. (ಭವಿಷ್ಯ ನಿಧಿ) ಪಾಸ್‌ಬುಕ್‌ನಲ್ಲಿ. ನನ್ನ ಸಂಬಳ 14 ಸಾವಿರ. ಸ್ಲಿಪ್‌ನಲ್ಲಿ ಪಿ.ಎಫ್. ಅಂತ 1,680 ಕಡಿಯುತ್ತಿದ್ದರು. ಸರ್ಕಾರದ ಉಮಂಗ್ ಆಪ್‌ನಲ್ಲಿ ತೆಗೆದು ನೋಡಿದರೆ ನನ್ನ ಪಾಲು 840, ಮಾಲೀಕರ ಪಾಲು 257, ಪಿಂಚಣಿಗೆ 583. ಅಂದರೆ ಏಳು ಸಾವಿರ ಸಂಬಳದ ಲೆಕ್ಕಕ್ಕೆ ಕಟ್ಟಿದ್ದರು. ನನ್ನ ಕಡೆಯಿಂದ 840, ಅವರ ಕಡೆಯಿಂದ 840, ಎರಡೂ ಮಾಯ. 62 ಜನಕ್ಕೆ ಗುಣಿಸಿದೆ. ತಿಂಗಳಿಗೆ ಒಂದು ಲಕ್ಷ ದಾಟಿತು. ಆ ರಾತ್ರಿ ನಿದ್ದೆ ಬರಲಿಲ್ಲ.

ಎಲ್ಲರ ಪಾಸ್‌ಬುಕ್ ತೆಗೆಯೋದೇ ದೊಡ್ಡ ಕೆಲಸ ಆಯಿತು. ಇಪ್ಪತ್ತು ಜನರ ಯು.ಎ.ಎನ್.ಗೆ (ಪಿ.ಎಫ್. ಸದಸ್ಯರ ಗುರುತು ಸಂಖ್ಯೆ) ಏಜೆನ್ಸಿ ಸೂಪರ್‌ವೈಸರ್‌ನ ಮೊಬೈಲ್ ನಂಬರ್ ಕೊಟ್ಟಿದ್ದರು. ಓ.ಟಿ.ಪಿ. ಅವನಿಗೇ ಹೋಗುತ್ತಿತ್ತು! ಅದನ್ನು ಸರಿಮಾಡಿಸಲು ಎರಡು ತಿಂಗಳು ಬೇಕಾಯಿತು.

ಆಮೇಲೆ ಆರ್.ಟಿ.ಐ., ಅಂದರೆ ಮಾಹಿತಿ ಹಕ್ಕು. ಮೊದಲ ಅರ್ಜಿಯಲ್ಲಿ ನಾಲ್ಕು ವಿಷಯ ತುಂಬಿಸಿ ಎರಡು ಪುಟ ಬರೆದಿದ್ದೆ. ತಿರಸ್ಕಾರ ಆಯಿತು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಮತ್ತೆ ನಾಲ್ಕು ಅರ್ಜಿ, ನಾಲ್ಕು ಹತ್ತು ರೂಪಾಯಿ ಪೋಸ್ಟಲ್ ಆರ್ಡರ್. ಏಜೆನ್ಸಿ ಸಂಸ್ಥೆಗೆ ಕೊಟ್ಟ ಬಿಲ್ಲುಗಳು ಪುಟಕ್ಕೆ ಎರಡು ರೂಪಾಯಿಯಂತೆ ಕೈಗೆ ಬಂದವು. ಅದರಲ್ಲಿ ಮಾಲೀಕರ ಪಿ.ಎಫ್. ಶೇ. 13, ಇ.ಎಸ್.ಐ. (ನೌಕರರ ಆರೋಗ್ಯ ವಿಮೆ) ಶೇ. 3.25, ಎರಡೂ ಪೂರ್ತಿ 14 ಸಾವಿರಕ್ಕೆ ಹಾಕಿ ವಸೂಲಿ ಮಾಡಿದ್ದರು. ಬಿಲ್ಲು ಒಂದು ಕಡೆ, ಪಾಸ್‌ಬುಕ್ ಪಕ್ಕದಲ್ಲಿ. ಇದಕ್ಕೆ ಭಾಷಣ ಬೇಕಾ?

ಸಂಧಾನಕ್ಕೆ ಕಾರ್ಮಿಕ ಅಧಿಕಾರಿಗಳ ಮುಂದೆ ಅರ್ಜಿ ಹಾಕಿದೆವು. ಮೊದಲ ಎರಡು ದಿನಾಂಕಕ್ಕೆ ಏಜೆನ್ಸಿಯವರು ಬರಲೇ ಇಲ್ಲ. ಮೂರನೆಯದು ಹಾಸನಾಂಬೆ ಬಾಗಿಲು ತೆರೆದ ವಾರ. ಊರು ತುಂಬ ಜನ, ಆಟೋ ಸಿಗದೆ ಎಲ್ಲರೂ ನಡೆದೇ ಹೋದೆವು. ಸಂಸ್ಥೆಯ ಕಡೆಯವರು "ಇದು ವಿದ್ಯಾಸಂಸ್ಥೆ, ಕಾರ್ಖಾನೆ ಅಲ್ಲ" ಅಂದರು. 1978ರಲ್ಲಿ ಬೆಂಗಳೂರು ಜಲಮಂಡಳಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ನ ಏಳು ನ್ಯಾಯಮೂರ್ತಿಗಳ ಪೀಠ ಶಿಕ್ಷಣ ಸಂಸ್ಥೆಯೂ 'ಉದ್ಯಮ'ದೊಳಗೆ ಬರುತ್ತದೆ ಅಂದಿದೆ. ಆ ತೀರ್ಪಿನ ಪ್ರತಿ ನನ್ನ ಚೀಲದಲ್ಲೇ ಇತ್ತು. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಸಂಸ್ಥೆಯೇ ಕೊಡಬೇಕು ಅನ್ನೋದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲಿತ್ತು. ಅದನ್ನೂ ಮೇಜಿನ ಮೇಲೆ ಇಟ್ಟೆ. (ಈಗ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ, ಸೆಕ್ಷನ್ ನಂಬರ್ ಬದಲಾಗಿದೆ. ನೋಡಿಕೊಂಡು ಬರೆಯಿರಿ.)

ಆದರೆ ಆವತ್ತು ಕೆಲಸ ಮಾಡಿದ್ದು ನನ್ನ ಕಾಗದ ಅಲ್ಲ, ಒಂದು ಕ್ಯಾಲೆಂಡರ್. ಶಾಂತಿಗ್ರಾಮದ ಕಡೆಯಿಂದ ಬರುವ ನಮ್ಮ ಸ್ವೀಪರ್ ಅಕ್ಕನಿಗೆ ಓದು ಬರಹ ಬರಲ್ಲ. ಗೊಬ್ಬರದ ಅಂಗಡಿಯವರು ಕೊಟ್ಟ ಕ್ಯಾಲೆಂಡರನ್ನು ಬಾಗಿಲ ಹಿಂದೆ ಮೊಳೆ ಹೊಡೆದು ಹಾಕಿದ್ದರು. ಎರಡು ಪಾಳಿ ಮಾಡಿದ ದಿನಕ್ಕೆ ಕುಂಕುಮದ ಬೊಟ್ಟು. ರಜೆ ಸಿಗದ ಭಾನುವಾರಕ್ಕೆ ಕಾಡಿಗೆ ಬೊಟ್ಟು. ಅಧಿಕಾರಿ ಒಂದೊಂದೇ ಹಾಳೆ ತಿರುವಿದರು. ಬೆರಳಿಗೆ ಕೆಂಪು ಹತ್ತಿತು. ಗೇಟಿನ ರಿಜಿಸ್ಟರ್ ತರಿಸಿ ಹೋಲಿಸಿದಾಗ 40 ಕುಂಕುಮದಲ್ಲಿ 37 ತಾಳೆಯಾದವು. ಏಜೆನ್ಸಿ ಮ್ಯಾನೇಜರ್ ಮಾತಾಡಲಿಲ್ಲ. ಅಕ್ಕ ಮಾತ್ರ, "ಆ ಮೂರು ದಿನಾನೂ ಬಂದಿದ್ದೆ ಸ್ವಾಮಿ, ಗೇಟಿನವನು ಬರ್ಕೊಂಡಿಲ್ಲ" ಅಂದರು.

ಇದರ ಮಧ್ಯೆ ಒಂದೆರಡು ಪ್ರಯೋಗವೂ ನಡೆಯಿತು. ಓದಲು ಬಾರದವರಿಗೆ ಸಭೆಯ ವಿಷಯವನ್ನು ಧ್ವನಿ ಸಂದೇಶ ಮಾಡಿ ಕಳಿಸಿದೆ. ಚೆನ್ನಾಗಿ ನಡೆಯಿತು, ಆದರೆ ಒಂದು ಸಂದೇಶ ಸೂಪರ್‌ವೈಸರ್‌ಗೆ ತಲುಪಿಬಿಟ್ಟಿತು. ನಿಲ್ಲಿಸಿದೆ. ಅತಿಥಿ ಉಪನ್ಯಾಸಕರನ್ನೂ ಸೇರಿಸಿಕೊಳ್ಳೋಣ ಅಂತ ಹೊರಟಿದ್ದೆ. 1988ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಪಾಠ ಮಾಡುವವರು ಕೈಗಾರಿಕಾ ವಿವಾದ ಕಾಯ್ದೆಯಲ್ಲಿ 'ಕಾರ್ಮಿಕ' ಆಗಿರಲಿಲ್ಲ. ನಮ್ಮ ವಿವಾದದೊಳಗೆ ಅವರನ್ನು ತರಲಾಗಲಿಲ್ಲ. ಕ್ಲಾಸಿನ ಗಂಟೆ ಬರೆದಿಡಿ ಸರ್ ಅಂತ ಒಂದೊಂದು ಕ್ಯಾಲೆಂಡರ್ ಕೊಟ್ಟೆವು.

ಕೊನೆಗೆ ಒಪ್ಪಂದ ಆಯಿತು. ಬಾಕಿ ಪಿ.ಎಫ್. 22 ತಿಂಗಳದ್ದು, ಸುಮಾರು 23 ಲಕ್ಷ, ಮೂರು ಕಂತಿನಲ್ಲಿ ಖಾತೆಗೆ ಬಂತು. ಆದರೂ ನಾನು ಎದೆ ತಟ್ಟಿ ಹೇಳೋದು ಟೆಂಡರ್ ವಿಷಯ. ಏಜೆನ್ಸಿ ಜೊತೆ ಎಷ್ಟು ಚೌಕಾಸಿ ಮಾಡಿದರೂ ಮುಂದಿನ ವರ್ಷ ಅವನೇ ಇರಲ್ಲ, ಅಲ್ವಾ? ಅದಕ್ಕೆ ನಮ್ಮ ಷರತ್ತನ್ನು ಹೊಸ ಟೆಂಡರ್ ಒಳಗೇ ಬರೆಸಿದೆವು. ಇರುವವರನ್ನೇ ಮುಂದುವರಿಸಬೇಕು. ಏಳನೇ ತಾರೀಕಿನೊಳಗೆ ಸಂಬಳ ಬ್ಯಾಂಕಿಗೆ. ಹಿಂದಿನ ತಿಂಗಳ ಪಿ.ಎಫ್., ಇ.ಎಸ್.ಐ. ಚಲನ್ ಹೆಸರುವಾರು ಲಗತ್ತಿಸದೆ ಬಿಲ್ ಪಾಸಾಗಬಾರದು. ಈ ಕೊನೆಯದೇ ಜೀವಾಳ. ಕರಡು ಯಾವಾಗ ಯಾರ ಮೇಜಿಗೆ ಬರುತ್ತದೆ ಅಂತ ಹೇಗೆ ಗೊತ್ತಾಯಿತು ಅನ್ನೋದನ್ನು ಇಲ್ಲಿ ಬರೆಯಲ್ಲ. ಇನ್ನೂ ಬೇಕಾಗುತ್ತದೆ.

ಒಟ್ಟು ಖರ್ಚು ಜೆರಾಕ್ಸು, ಬಸ್ಸು, ವಕೀಲರ ಒಂದು ಸಲಹೆ ಸೇರಿ 9 ಸಾವಿರದ ಆಸುಪಾಸು. ಶಾಮಿಯಾನದ ಅರ್ಧ. ಸಂಬಳವೂ ಸಾವಿರ ಚಿಲ್ಲರೆ ಏರಿತು.

ಮುಂದಿನ ಮಾರ್ಚಿಗೆ ಟೆಂಡರ್ ಮತ್ತೆ ಬರುತ್ತದೆ. ಈ ಸಲ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸಿಗುವ ಇಡಿಗಂಟು. ಏಜೆನ್ಸಿ ಬದಲಾದರೂ ಐದು ವರ್ಷ ಇಲ್ಲೇ ದುಡಿದಿದ್ದೇವೆ ಅಂತ ತೋರಿಸಬೇಕು, ಅದಕ್ಕೆ ಹಳೇ ಗುರುತಿನ ಚೀಟಿ ಹುಡುಕುತ್ತಿದ್ದೇವೆ. ಇಲ್ಲಿಯವರೆಗೆ 23 ಜನರದ್ದು ಸಿಕ್ಕಿದೆ. ತೋಟಕ್ಕೆ ಹೋದ ಅಣ್ಣನೂ ತಮ್ಮದನ್ನು ಸಕಲೇಶಪುರದ ಬಸ್ಸಿನಲ್ಲಿ ಕೊಟ್ಟು ಕಳಿಸಿದ್ದಾರೆ.