ಮಳೆಗೆ ಕಂಬ, ಕಟ್ಟೆಯ ನೀರಿಗೆ ಗೆರೆ: ಎರಡು ಲಂಬ ಅಕ್ಷಗಳನ್ನು ಹೊಂದಿಸುವ ಕ್ರಮ

ಮಂಡ್ಯದ ತಿಂಗಳವಾರು ಮಳೆಯನ್ನು ಕಂಬಗಳಲ್ಲಿಯೂ ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟವನ್ನು ಗೆರೆಯಲ್ಲಿಯೂ ಒಂದೇ ಚಾರ್ಟಿನಲ್ಲಿ ತೋರಿಸಬೇಕಾದರೆ ಎರಡು ಲಂಬ ಅಕ್ಷಗಳು ಬೇಕಾಗುತ್ತವೆ, ಏಕೆಂದರೆ ಮಳೆಯ ಅಳತೆ ಮಿಲಿಮೀಟರಿನದು, ಮಟ್ಟದ ಅಳತೆ ಅಡಿಯದು. ಎಕ್ಸೆಲ್‌ನಲ್ಲಿ ಕಾಂಬೊ ಚಾರ್ಟನ್ನು ಆರಿಸಿ, ಮಟ್ಟದ ಸಾಲಿಗೆ ಸೆಕೆಂಡರಿ ಆಕ್ಸಿಸ್ ಎಂಬಲ್ಲಿ ಗುರುತು ಹಾಕಿದರೆ ಬಲಗಡೆ ಎರಡನೆಯ ಅಕ್ಷ ಮೂಡುತ್ತದೆ.

ತೊಡಕು ಆರಂಭವಾಗುವುದು ಇಲ್ಲಿಂದಲೇ. ಎರಡೂ ಅಕ್ಷಗಳ ಮಿತಿಗಳನ್ನು ಎಕ್ಸೆಲ್ ಬೇರೆ ಬೇರೆಯಾಗಿ ನಿರ್ಧರಿಸುತ್ತದೆ. ಆದರೆ ಹಿನ್ನೆಲೆಯಲ್ಲಿ ಕಾಣುವ ಅಡ್ಡಗೆರೆಗಳು ಸಾಮಾನ್ಯವಾಗಿ ಎಡ ಅಕ್ಷಕ್ಕೆ ಸೇರಿದವು. ಎಡಕ್ಕೆ ಐದು ಮನೆಗಳು (ಅಕ್ಷದ ಎರಡು ಅಂಕಿಗಳ ನಡುವಿನ ಭಾಗಗಳು), ಬಲಕ್ಕೆ ಏಳು ಮನೆಗಳು ಬಿದ್ದರೆ ಬಲಗಡೆಯ ಅಂಕಿಗಳು ಅಡ್ಡಗೆರೆಗಳಿಗೆ ಕೂಡುವುದಿಲ್ಲ, ಓದುವವರು ಗೆರೆಯ ಬೆಲೆಯನ್ನು ಎಡಗಡೆಯ ಅಂಕಿಯಿಂದ ಓದಿಬಿಡುತ್ತಾರೆ.

ಅಕ್ಷದ ಗರಿಷ್ಠದಿಂದ ಕನಿಷ್ಠವನ್ನು ಕಳೆದು ಅಂತರದಿಂದ, ಅಂದರೆ ಒಂದು ಮನೆಯ ಅಳತೆಯಿಂದ, ಭಾಗಿಸಿದಾಗ ಎರಡೂ ಅಕ್ಷಗಳಿಗೆ ಒಂದೇ ಸಂಖ್ಯೆ ಬರಬೇಕು. ಅಕ್ಷದ ಮೇಲೆ ಬಲ ಕ್ಲಿಕ್ ಮಾಡಿ ಫಾರ್ಮ್ಯಾಟ್ ಆಕ್ಸಿಸ್ ತೆರೆದು, ಬೌಂಡ್ಸ್ ಎಂಬಲ್ಲಿ ಮಿತಿಗಳನ್ನೂ ಯೂನಿಟ್ಸ್‌ನ ಮೇಜರ್ ಎಂಬಲ್ಲಿ ಅಂತರವನ್ನೂ ಕೈಯಾರೆ ತುಂಬಬೇಕು. ಕನಿಷ್ಠ, ಗರಿಷ್ಠ, ಅಂತರಗಳನ್ನು ಕ್ರಮವಾಗಿ ಮಳೆಗೆ 0, 250, 50 ಎಂದೂ ಮಟ್ಟಕ್ಕೆ 75, 125, 10 ಎಂದೂ ಕೊಟ್ಟರೆ ಎರಡೂ ಕಡೆ ಐದೈದು ಮನೆಗಳಾಗುತ್ತವೆ. ಕಟ್ಟೆಯ ಗರಿಷ್ಠ ಮಟ್ಟವಾದ 124.80 ಅಡಿ ಮೇಲಂಚಿನ ಕೆಳಗೇ ನಿಲ್ಲುತ್ತದೆ.

ಅಕ್ಷಗಳು ಹೊಂದಿದವು, ಆದರೆ ಚಾರ್ಟ್ ಇನ್ನೂ ಸರಿಯಾಗಿಲ್ಲ. ಎಡದ ಸೊನ್ನೆಯ ಎದುರು ಬಲದಲ್ಲಿ 75 ಇರುವುದರಿಂದ, ಗೆರೆ ತಳಕ್ಕಿಳಿದಾಗ ಕಟ್ಟೆಯೇ ಬರಿದಾದಂತೆ ಕಾಣುತ್ತದೆ. ಬಲವನ್ನೂ ಸೊನ್ನೆಯಿಂದ ಆರಂಭಿಸಿದರೆ ಗೆರೆಯೆಲ್ಲ ಮೇಲ್ಭಾಗದಲ್ಲಿ ಚಪ್ಪಟೆಯಾಗಿಬಿಡುತ್ತದೆ. ಇಂಥಲ್ಲಿ ಅಡಿಯ ಲೆಕ್ಕವನ್ನು ಬಿಟ್ಟು ಸಂಗ್ರಹದ ಲೆಕ್ಕವನ್ನು ಹಿಡಿಯುವುದೇ ಮೇಲೆಂದು ನನ್ನ ಅಭಿಪ್ರಾಯ. ಜಲಾಶಯವು ಮೇಲೇರಿದಂತೆ ಅಗಲವಾಗುವುದರಿಂದ ತುಂಬುವ ಹೊತ್ತಿನ ಒಂದು ಅಡಿ ತಳದ ಒಂದು ಅಡಿಗಿಂತ ಎಷ್ಟೋ ಹೆಚ್ಚು ನೀರನ್ನು ಹಿಡಿಯುತ್ತದೆ. ಪತ್ರಿಕೆಗಳಲ್ಲಿ ಬರುವ ಜಲಾಶಯದ ವಿವರದಲ್ಲಿ ಸಂಗ್ರಹವೂ ಇರುತ್ತದೆ. ಕಟ್ಟೆಯ ಸಾಮರ್ಥ್ಯ 49.452 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಆದ್ದರಿಂದ ಬಲ ಅಕ್ಷಕ್ಕೆ 0, 50, 10 ಎಂದು ಕೊಟ್ಟರೆ ಸೊನ್ನೆಗೆ ಸೊನ್ನೆ, ಮನೆಗೆ ಮನೆ ಕೂಡುತ್ತದೆ.

ವಾಡಿಕೆ ಮಳೆಗಿಂತ ಶೇಕಡಾ ಎಷ್ಟು ಹೆಚ್ಚು ಕಡಿಮೆ ಎಂಬಂಥ ಋಣ ಸಂಖ್ಯೆಗಳು ಬಂದಾಗ ಮನೆಗಳ ಎಣಿಕೆಯೊಂದೇ ಸಾಲದು. ಸೊನ್ನೆಯ ಕೆಳಗಿನ ಮತ್ತು ಮೇಲಿನ ಭಾಗಗಳ ಪ್ರಮಾಣವೂ ಎರಡೂ ಕಡೆ ಒಂದೇ ಇರಬೇಕು. ಎಡಕ್ಕೆ -60 ರಿಂದ 90, ಅಂತರ 30 ಆದರೆ, ಸಂಗ್ರಹದ ಏರಿಳಿತಕ್ಕೆ -10 ರಿಂದ 15, ಅಂತರ 5 ಸರಿಹೋಗುತ್ತದೆ.

ಕಂಬದ ತುದಿಗೂ ಗೆರೆಗೂ ಸಂಬಂಧ ಕಲ್ಪಿಸುವ ಮುನ್ನ ಎಚ್ಚರವಿರಲಿ, ಏಕೆಂದರೆ ಅವು ಎಲ್ಲಿ ಸಂಧಿಸುತ್ತವೆ ಎಂಬುದು ನಾವು ಕೊಟ್ಟ ಮಿತಿಗಳ ಫಲವಷ್ಟೆ. ಅದೂ ಅಲ್ಲದೆ, ಕಟ್ಟೆ ಹೆಚ್ಚಾಗಿ ತುಂಬುವುದು ಕೊಡಗಿನ ಮುಂಗಾರಿನಿಂದ; ಮಂಡ್ಯದಲ್ಲಿ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳದ್ದು. ಹೀಗಾಗಿ ಕಂಬಗಳು ಯಾವ ಊರಿನ ಮಳೆಯವು ಎಂಬುದನ್ನು ಅಕ್ಷದ ಶೀರ್ಷಿಕೆಯಲ್ಲಿಯೇ ಬರೆಯಬೇಕು.

ಕೈಯಾರೆ ಕೊಟ್ಟ ಮಿತಿಗಳು ಹೊಸ ಅಂಕಿಗಳಿಗೆ ತಕ್ಕಂತೆ ತಾವಾಗಿ ಬದಲಾಗುವುದಿಲ್ಲ. ಯಾವುದಾದರೂ ತಿಂಗಳ ಮಳೆ 250 ಮಿ.ಮೀ. ದಾಟಿದರೆ ಕಂಬದ ತಲೆ ಕತ್ತರಿಸಿಹೋಗುತ್ತದೆ. ಆಗ ಎಡದ ಗರಿಷ್ಠವನ್ನು 300ಕ್ಕೂ ಅಂತರವನ್ನು 60ಕ್ಕೂ ಏರಿಸಿದರೆ ಐದು ಮನೆಗಳು ಹಾಗೆಯೇ ಉಳಿಯುವುದರಿಂದ ಬಲ ಅಕ್ಷವನ್ನು ಮುಟ್ಟಬೇಕಾಗಿಲ್ಲ.